ಉಮಾಮಹೇಶ್ವರಿಯ ಕಿವಿಗೊಂದು ಕೀಬೋರ್ಡ್

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಪುಟ್ಟಣ್ಣನ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಯುತ್ತಿದ್ದ ಕಾಲಕ್ಕೆ ಆ ಬೀದಿಯ ಕಾಗೆಗಳೂ ತಾಳ ತಪ್ಪದೆ ಕೂಗುತ್ತಿದ್ದವು. ಹದಿನಾಲ್ಕು ಟೈಪ್‌ರೈಟರ್ ಒಟ್ಟಿಗೆ ಶುರುವಾದರೆ ಕಾರ್ಖಾನೆಯ ಸೈರನ್ನು ನಾಚಿಕೊಂಡು ಸುಮ್ಮನಾಗುತ್ತಿತ್ತು. ಜಿಲ್ಲೆಯ ಅರ್ಧ ಕಚೇರಿಗಳು ನಡೆಯುತ್ತಿದ್ದುದೇ ಆ ಮನೆಯ ಮುಂದಿನ ಕೋಣೆಯಲ್ಲಿ ಪಳಗಿದ ಬೆರಳುಗಳಿಂದ. ಉಳಿದರ್ಧ ನಡೆಯುತ್ತಲೇ ಇರಲಿಲ್ಲ.

ಬೋರ್ಡಿನ ಮೇಲಿದ್ದದ್ದು ಪುಟ್ಟಣ್ಣನ ಹೆಸರು. ಕಲಿಸುತ್ತಿದ್ದದ್ದು ಹೆಂಡತಿ ಉಮಾಮಹೇಶ್ವರಿ, ಅದೂ ಮುಖ ತೋರಿಸದೆ. ಪರದೆಯ ಆಚೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಹದಿನಾಲ್ಕು ಮಿಷನ್ನುಗಳ ಗದ್ದಲದಿಂದ ಒಂದೇ ಒಂದು ಬೆರಳಿನ ತಪ್ಪನ್ನು ಹೆಕ್ಕಿ, “ಮೂರನೇ ಮಿಷನ್ನು, ಉಂಗುರದ ಬೆರಳು!” ಎಂದು ಕೂಗಿದರೆ ಮೂರನೇ ಮಿಷನ್ನಿನವಳಿಗೆ ಮೈಯೆಲ್ಲ ಬೆವರು. ಕೋಣೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಮಾತಾಡಿದರೆ ತನಗೆ ಬೆರಳು ಕೇಳಿಸುವುದಿಲ್ಲ ಎನ್ನುತ್ತಿದ್ದಳು. ಗಂಡನನ್ನೂ ಬಿಟ್ಟವಳಲ್ಲ. ಚಿಕ್ಕಂದಿನಲ್ಲಿ ಸೈಕಲ್ ಚೈನಿಗೆ ಸಿಕ್ಕಿ ಸೊಟ್ಟಗಾಗಿದ್ದ ಅವನ ಎಡಗೈ ಕಿರುಬೆರಳನ್ನು, ‘ಎ’ ಕೀ ಒತ್ತಬೇಕಾದ ಬೆರಳನ್ನು, ನಾಲ್ಕು ವರ್ಷ ತಿದ್ದಿ, ಐದನೇ ವರ್ಷ ಕೈಬಿಟ್ಟಿದ್ದಳು.

ಆಮೇಲೆ ಕಂಪ್ಯೂಟರ್ ಬಂತು, ಕಲಿಯುವವರು ಅತ್ತ ಹೋದರು. ಸಕ್ಕರೆ ಕಾಯಿಲೆ ಮೊದಲು ಉಮಾಮಹೇಶ್ವರಿಯ ಕಣ್ಣು ತಿಂದಿತು, ನಂತರ ಕಿಡ್ನಿಗೆ ಕೈ ಹಾಕಿತು. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಆಕೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ನಲವತ್ತು ದಿನ ಮಲಗಿದ್ದಾಗ ಪುಟ್ಟಣ್ಣ ಹದಿನಾಲ್ಕು ಮಿಷನ್ನನ್ನೂ ಗುಜರಿಗೆ ಹಾಕಿದ. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟರು.

ಮರುದಿನ ಬೆಳಿಗ್ಗೆ ಆಕೆ ಕೇಳಿದ್ದು ಔಷಧಿಯನ್ನಲ್ಲ.

“ಏನ್ರೀ, ಏಳು ಗಂಟೆ ಬ್ಯಾಚು ಬಂದಿಲ್ವಾ?”

ಪುಟ್ಟಣ್ಣ ಜನ್ಮದಲ್ಲಿ ಸಣ್ಣ ಸುಳ್ಳು ಹೇಳಿದವನಲ್ಲ. ಹೇಳಿದರೆ ಆನೆ ಗಾತ್ರದ್ದೇ. “ಬಂದಿದಾರೆ ಕಣೇ! ಹದಿನೆಂಟು ಜನ. ಮಿಷನ್ನೆಲ್ಲ ಕೊಟ್ಟು ಕಂಪ್ಯೂಟರ್ ತಂದಿದೀನಿ. ಅದರ ಕೀ ಸದ್ದೇ ಮಾಡಲ್ಲ ನೋಡು.”

ಆಕೆ ಕಿವಿಯನ್ನು ಪರದೆಯ ಕಡೆ ತಿರುಗಿಸಿದಳು. “ಸದ್ದಿಲ್ದೆ ನಾನೇನು ತಿದ್ಲಿ? ಒಂದಾದ್ರೂ ಸದ್ದು ಮಾಡೋದು ತನ್ನಿ. ನಾನಿನ್ನೂ ಇದೀನಲ್ಲ.”

ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತು ಗಂಜಿ ಎರಡು ಚಮಚದ ಮೇಲೆ ಇಳಿಯಲಿಲ್ಲ. ಮರುದಿನ ಒಂದೇ ಚಮಚ. ಮೂರನೇ ದಿನ ಪುಟ್ಟಣ್ಣ ಪಕ್ಕದ ಮನೆ ಹಾಲಮ್ಮನನ್ನು ಕಾವಲು ಕೂರಿಸಿ ಶಿವಮೊಗ್ಗದ ಬಸ್ಸು ಹತ್ತಿದ.

ಅಲ್ಲಿನ ದುರ್ಗಿಗುಡಿ ಬೀದಿಯ ಅರ್ಮಾನನ ಅಂಗಡಿಯಲ್ಲಿ ಮುಂದೆ ಕಂಪ್ಯೂಟರ್ ಸಾಮಾನು, ಹಿಂದೆ ಗೇಮ್ ಆಡಿಸುವ ಕೋಣೆ. ಪುಟ್ಟಣ್ಣ ಕಣ್ಣು ಮುಚ್ಚಿ, ಕಿವಿಯನ್ನು ಮೇಜಿಗೆ ಆನಿಸಿ ನೂರಾ ಎಂಟು ಕೀಬೋರ್ಡ್ ಪರೀಕ್ಷೆ ಮಾಡಿದ. ಅಂಗಡಿಯಲ್ಲಿ ಇದ್ದದ್ದು ಒಂಬತ್ತು.

“ಇದು ಹಿಟ್ಟು ಕಲಸಿದಂಗಿದೆ. ಇದು ಒದ್ದೆ ಚಪ್ಪಲಿ. ಇದಕ್ಕೆ ನೆಗಡಿಯಾಗಿದೆ ಮಾರಾಯ, ಒಳಗಿಡು.”

“ಸರ್, ಟೈಪಿಂಗಿಗೋ ಗೇಮಿಗೋ? ಅದನ್ನ ಮೊದ್ಲು ಹೇಳಿ,” ಎಂದ ಅರ್ಮಾನ್.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಟಕ್ ಟಕ್ ಎಂದು ಕೇಳಿಸಿತು. ಪುಟ್ಟಣ್ಣನ ಕತ್ತು ತಾನಾಗೇ ತಿರುಗಿತು. “ಅದ್ಯಾವ್ದು?”

“ಅದು ಮಾರಾಟಕ್ಕಿಲ್ಲ ಸರ್. ಯಾವುದೋ ಆಫೀಸಿನ ಹಳೇ ಸಾಮಾನಲ್ಲಿ ಸಿಕ್ಕಿದ್ದು. ಮೆಕ್ಯಾನಿಕಲ್. ಒಂದೊಂದು ಕೀ ಕೆಳಗೂ ಒಂದೊಂದು ಸ್ಪ್ರಿಂಗು. ಗೇಮ್ ಆಡೋರು ಎಡಕ್ಕೆ ತಿರುಗೋಕೆ ಈ ‘ಎ’ನ ಕುಟ್ಟೋ ರಭಸಕ್ಕೆ ಬೇರೇದೆಲ್ಲ ತಿಂಗಳು ಬಾಳಲ್ಲ. ಇದು ಮಾತ್ರ ಜಗ್ಗಿಲ್ಲ. ನಿಮ್ದು ಯಾವೂರು?”

“ಭದ್ರಾವತಿ ಓಲ್ಡ್ ಟೌನು. ಪುಟ್ಟಣ್ಣನ ಇನ್‌ಸ್ಟಿಟ್ಯೂಟ್ ಕೇಳಿಲ್ವಾ? ಡೆಲ್ಲಿಯಿಂದ ಬಂದು ಕಲ್ತು ಹೋಗಿದಾರೆ.”

“ಅರೆ, ನಮ್ಮಕ್ಕ ಇರಂ ಆಪಾ ಅಲ್ಲೇ ಕಲಿತಿದ್ದು! ಪರದೆ ಹಿಂದಿಂದ ಮೇಡಂ ಬೈತಾರೆ ಅಂತ ಮನೇಲಿ ಊಟಕ್ಕೆ ಕೂತಾಗ್ಲೂ ಬೆರಳು ನೆಟ್ಟಗಿಡೋಳು. ಹೆಂಗಿದಾರೆ ಮೇಡಂ?”

ಆನೆ ಗಾತ್ರದ ಸುಳ್ಳೊಂದು ಬಾಯಿಗೆ ಬರಬೇಕಿತ್ತು. ಬರಲಿಲ್ಲ. “ಅವ್ಳಿಗೇ ಇದು. ಹೋಗೋ ಕಾಲ ಬಂದಿದೆ. ಕೇಳ್ಬೇಕಂತೆ,” ಎಂದ.

ಅರ್ಮಾನ್ ಒಳಗೆ ಹೋಗಿ, ಆಟದವರ ಬೈಗುಳ ತಿಂದು, ಕೀಬೋರ್ಡನ್ನು ಕಿತ್ತು ತಂದ. ರುಬ್ಬುವ ಕಲ್ಲಿಗಿಂತ ಭಾರ. “ಇದರ ಪಿನ್ನು ಹಳೇ ತರದ್ದು. ನಿಮ್ಮ ಕಂಪ್ಯೂಟರಿಗೆ ಕೂರುತ್ತಾ?”

“ಕಂಪ್ಯೂಟರ್ ಎಲ್ಲಿದೆ ಮಾರಾಯ? ನಂದೂ ಒಂಥರಾ ಗೇಮೇ.”

ಅರ್ಮಾನ್ ವೈರನ್ನು ಕೀಬೋರ್ಡಿಗೆ ಸುತ್ತಿ ಅವನ ಕೈಗಿಟ್ಟ. “ಆಟ ಮುಗಿದ ಮೇಲೆ ತಂದ್ಕೊಡಿ ಸರ್. ದುಡ್ಡು ಬೇಡ.”

ಮರುದಿನ ಏಳಕ್ಕೆ ಸರಿಯಾಗಿ ಬ್ಯಾಚು ಶುರುವಾಯಿತು. ಪುಟ್ಟಣ್ಣ ಚರ್ಮದ ಚಪ್ಪಲಿಯಲ್ಲಿ ಒಮ್ಮೆ, ಹವಾಯಿಯಲ್ಲಿ ಒಮ್ಮೆ, ಹಾಲಮ್ಮನ ಸವೆದ ಚಪ್ಪಲಿಯಲ್ಲಿ ಕಾಲು ತುರುಕಿಕೊಂಡು ಒಮ್ಮೆ, ಹೀಗೆ ಹದಿನೆಂಟು ಸಲ ಬಾಗಿಲಿಂದ ಒಳಗೆ ಬಂದ. ಆಮೇಲೆ ಹದಿನೆಂಟು ಜನರ ಸರದಿಯನ್ನೂ ತಾನೇ ಹೊಡೆಯಲು ಖಾಲಿ ಕೋಣೆಯ ಮೇಜಿನ ಮುಂದೆ ಕೂತ. ಕೀಬೋರ್ಡಿನ ವೈರು ಯಾವುದಕ್ಕೂ ಸೇರದೆ ನೆಲದ ಮೇಲೆ ಬಿದ್ದಿತ್ತು. ಹೊಸಬಳಂತೆ ತಡವರಿಸಿ ಹೊಡೆದ. ಮಗುವನ್ನು ಮನೆಯಲ್ಲಿ ಬಿಟ್ಟುಬಂದ ಹೆಂಗಸಿನಂತೆ ಅವಸರದಲ್ಲಿ ಹೊಡೆದ. ಪರೀಕ್ಷೆಗೆ ಕಟ್ಟಿದವನಂತೆ ಬಿರುಸಾಗಿ ಹೊಡೆದ.

ಪರದೆಯ ಆಚೆ ಮಂಚ ಕಿರ್ರೆಂದಿತು. “ಮೊದಲ್ನೇದು ಯಾರ್ರೀ?”

“ಸಮತಾ ಅಂತ. ಹೊಸಬಳು.”

“ನಿಧಾನ ಸಮತಾ! ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.”

ಆ ದನಿ ಕೇಳಿ ಎಷ್ಟು ತಿಂಗಳಾಗಿತ್ತೋ. ಅಂದು ಆಕೆ ಅರ್ಧ ಬಟ್ಟಲು ಗಂಜಿ ಕುಡಿದಳು. ಬೀದಿಯಲ್ಲಿ ಕೇಳಿದವರಿಗೆ ಪುಟ್ಟಣ್ಣ ನಾಲ್ಕು ಬಟ್ಟಲು ಎಂದ.

ಹೀಗೆ ಹನ್ನೆರಡು ದಿನ. ಆಕೆಯ ದನಿ ದಿನದಿನಕ್ಕೂ ಸಣ್ಣದಾಗುತ್ತಿತ್ತು, ಆದರೂ ತಿದ್ದುವುದು ನಿಲ್ಲಲಿಲ್ಲ. ಹದಿಮೂರನೇ ದಿನ ಕರೆದು ಹೇಳಿದಳು: “ಬ್ಯಾಚು ಬಿಟ್ಮೇಲೆ ಆ ಸಮತಾನ ಒಳಗೆ ಕಳಿಸಿ. ಕೀಬೋರ್ಡ್ ತಗೊಂಡೇ ಬರ್ಲಿ.”

“ನಾಚ್ಕೋತಾಳೆ ಕಣೇ.”

“ಕಳಿಸ್ರಿ.”

ಪುಟ್ಟಣ್ಣ ಚಪ್ಪಲಿ ಕಳಚಿದ. ಉಸಿರು ಹಿಡಿದು, ಸಣ್ಣ ಹೆಜ್ಜೆ ಹಾಕಿ ಒಳಗೆ ಹೋಗಿ, ಕೀಬೋರ್ಡನ್ನು ಮಂಚದ ಅಂಚಿಗಿಟ್ಟ. ಆಕೆ ತಡಕಾಡಿ ಅವನ ಎಡಗೈ ಹಿಡಿದಳು. ಒಂದೊಂದೇ ಬೆರಳು ಮುಟ್ಟುತ್ತ ಬಂದು ಸೊಟ್ಟ ಕಿರುಬೆರಳಿನ ಮೇಲೆ ನಿಂತಳು. ಅವನು ಕೈ ಎಳೆದುಕೊಳ್ಳಲು ನೋಡಿದ, ಬಿಡಲಿಲ್ಲ. ಆ ಬೆರಳನ್ನು ‘ಎ’ ಮೇಲಿಟ್ಟು ತನ್ನ ಹೆಬ್ಬೆರಳಿಂದ ಒತ್ತಿದಳು. ಟಕ್.

“ಹದಿನೆಂಟು ಜನರದ್ದೂ ಇದೊಂದೇ ಬೆರಳು ಮೆತ್ತಗೆ,” ಎಂದಳು. “ಮೊದಲ್ನೇ ದಿನದಿಂದ ಕೇಳ್ತಿದೀನಿ. ಒತ್ತು ಸಮತಾ. ಇನ್ನೊಂದ್ಸಲ.”

ಪುಟ್ಟಣ್ಣ ಏನನ್ನೋ ಹೇಳಲು ಬಾಯಿ ತೆರೆದ. ಆ ಕ್ಲಾಸಿನಲ್ಲಿ ಮಾತಾಡುವಂತಿರಲಿಲ್ಲ. ಒತ್ತಿದ. ಆಕೆಯ ಕೈ ಸಡಿಲವಾಗಿ ನಿದ್ದೆ ಹತ್ತುವವರೆಗೂ ಒತ್ತುತ್ತಲೇ ಇದ್ದ.

ನಾಲ್ಕು ದಿನದ ಮೇಲೆ, ಬೆಳಿಗ್ಗೆ ಏಳು ಹತ್ತಕ್ಕೆ, ಉಮಾಮಹೇಶ್ವರಿ ತೀರಿಕೊಂಡಳು. ಇದನ್ನು ದೊಡ್ಡದು ಮಾಡಿ ಹೇಳಲು ಏನೂ ಇಲ್ಲ.

ತಿಥಿ ಮುಗಿಸಿ ಪುಟ್ಟಣ್ಣ ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ದುರ್ಗಿಗುಡಿಗೆ ಹೋದ. ಅರ್ಮಾನ್ ಗಿರಾಕಿಯ ಜೊತೆ ನಗುತ್ತಿದ್ದವನು ಕತ್ತೆತ್ತಿ, “ಏನ್ ಸರ್, ಗೇಮ್ ಗೆದ್ರಾ?” ಎಂದುಬಿಟ್ಟ. ಬೋಳಿಸಿದ ತಲೆ ಅವನ ಕಣ್ಣಿಗೆ ಬಿದ್ದದ್ದು ಆಮೇಲೆ.

“ಸೋತೆ ಮಾರಾಯ. ಮೊದಲ್ನೇ ದಿನಾನೇ ಸೋತಿದ್ದೆ. ಅವ್ಳು ಹೇಳಿರ್ಲಿಲ್ಲ, ಅಷ್ಟೆ.”

ಅರ್ಮಾನ್ ಕುರ್ಚಿ ಎಳೆದು ಕೊಟ್ಟ. ಪುಟ್ಟಣ್ಣ ಕೂರಲಿಲ್ಲ. ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟುವಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಯಾರೋ ಆಗಲೇ ಆಟ ಶುರು ಮಾಡಿದ್ದರು. ಟಕ್. ಟಕ್. ಟಕ್. ಎಡಕ್ಕೆ ತಿರುಗುತ್ತಿದ್ದರು. ‘ಎ’ ಗಟ್ಟಿಯಾಗಿ ಬೀಳುತ್ತಿತ್ತು.

“ಈಗ ಕೇಳೇ, ಸರಿಯಾಗಿದೆ,” ಎನ್ನುತ್ತ ಅವನು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಸ್ಕೂಟರು ನಿಲ್ಲಿಸುತ್ತಿದ್ದವನೊಬ್ಬ, “ನನಗಾ ಹೇಳಿದ್ದು?” ಎಂದ.

“ಅಲ್ಲ, ನಿಮಗಲ್ಲ,” ಎಂದು ಪುಟ್ಟಣ್ಣ ಎಡಗೈಯನ್ನು ಜೇಬಿಗೆ ಸೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದ.