ಪಿಸುಗೋಡೆ

ಮುರಿದ ಕೋಟೆಬಾಗಿಲು, ಬತ್ತಿದ ಕೊಳ ಎಲ್ಲ ತೋರಿಸಿ, ಊರಿನ ಹಳೆಯ ಕಥೆ ಹೇಳುತ್ತಾ ಊರವರೆಲ್ಲ ಮಾವ ಅನ್ನುವ ಗೈಡ್ ಪ್ರವಾಸಿಗರನ್ನು ಗುಮ್ಮಟದ ಸಭಾಂಗಣಕ್ಕೆ ಕರೆತಂದಾಗ ಎಲ್ಲರ ದನಿಯೂ ತಾನಾಗಿಯೇ ತಗ್ಗಿತು. ಮೇಲಿನ ಕಿಂಡಿಯಿಂದ ಇಳಿದ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಎಂದೋ ಸತ್ತು ಮಣ್ಣಾದವರ ಮಾತು ಇನ್ನೂ ಗೋಡೆ ಸುತ್ತುತ್ತಲೇ ಇದೆಯೇನೋ ಅನ್ನಿಸುವ ಜಾಗ ಅದು.

"ಗೋಡೆಗೂ ಕಿವಿ ಇದೆ ಅಂತಾರಲ್ಲ, ಈ ಗೋಡೆಗೆ ಬಾಯೂ ಇದೆ!" ಮಾವ ದಿನದ ಜೋಕು ಹೊಡೆದ. ಆ ಕಡೆ ಗೋಡೆಗೆ ಹೆಂಡತಿ ಬಾಯಿಟ್ಟು ಪಿಸುಗುಟ್ಟುವುದು, ಈ ಕಡೆ ಇವನು ಕಿವಿಯಿಟ್ಟು, ಕೇಳಿದ್ದನ್ನು ಜನರಿಗೆ ಗಟ್ಟಿಯಾಗಿ ಹೇಳುವುದು: ಇದೇ ಇಬ್ಬರ ಹೊಟ್ಟೆಪಾಡು. ಮಾತೂ ದಿನಾ ಅದೇ, "ಸಭೆಗೆ ಹೊತ್ತಾಯ್ತು, ಎಲ್ಲರೂ ಬನ್ನಿ." ಮನೆಯಲ್ಲಿ ಮಾತ್ರ ಇಬ್ಬರದೂ ಅಷ್ಟಕ್ಕಷ್ಟೇ. ಮಗಳು ತನಗೆ ಬೇಕಾದವನನ್ನು ಕಟ್ಟಿಕೊಂಡಾಗಿನಿಂದ ಅವಳ ಸುದ್ದಿ ಎತ್ತಲು ಮಾವ ಬಿಡುತ್ತಿರಲಿಲ್ಲ. ಮೊಂಡ ಅಂದರೆ ಮೊಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವನು ತಣ್ಣನೆಯ ಗೋಡೆಗೆ ಕಿವಿಯಿಟ್ಟ.

"ಅಪ್ಪಾ, ನಾನು. ಮನೆಗೆ ಬರ್ಲಾ? ಮೊಮ್ಮಗಳನ್ನ ಕರ್ಕೊಂಡು ಬಂದಿದ್ದೀನಿ. ಬೇಡ ಅಂದ್ರೆ ಇನ್ಯಾವತ್ತೂ ಕೇಳಲ್ಲ."

ಮಗಳ ದನಿ! ಹೆಂಡತಿಯದೇ ಮಸಲತ್ತು, ಬೇರೆ ಯಾರದು?

"ಏನಂದ್ರು? ಏನಂದ್ರು?" ಎಂದರು ಜನ.

ಕೇಳಿದ್ದನ್ನೇ ಹೇಳುವುದು ಅವನ ಕಸುಬಿನ ಮರ್ಯಾದೆ. ಕೂಸನ್ನು ಎತ್ತಿಕೊಳ್ಳುವ ಆಸೆ ಗಂಟಲತನಕ ಬಂತು. ಹಾಳು ನಾಲಗೆ ಹಳೇ ಜಾಡೇ ಹಿಡಿಯಿತು.

"ಸಭೆಗೆ ಹೊತ್ತಾಯ್ತಂತೆ," ಎಂದುಬಿಟ್ಟ ಮಹಾನುಭಾವ. ಜನ ಚಪ್ಪಾಳೆ ತಟ್ಟಿದರು.

ಕಿವಿ ಮಾತ್ರ ಗೋಡೆ ಬಿಡಲಿಲ್ಲ. ಚಪ್ಪಾಳೆ ಅಡಗಿದ ಮೇಲೆ ಕೂಸು ಆಕಳಿಸಿದ್ದು ಕೇಳಿಸಿತು, ಕೆನ್ನೆಗೆ ಉಸಿರು ತಾಗುವಷ್ಟು ಹತ್ತಿರದಲ್ಲಿ. ಆಮೇಲೆ ದೂರವಾಗುವ ಚಪ್ಪಲಿ ಸದ್ದು. ಅಯ್ಯೋ ದೇವರೇ, ನಾನೆಂಥ ಪಾಪಿ ಎಂದುಕೊಂಡ.

ಗೋಡೆಗೆ ಬಾಯಿಟ್ಟ. "ಹೋಗ್ಬೇಡ ಕಣೇ ಮಗಳೇ."

"ನನ್ ಹತ್ರ ಏನ್ರೀ ಪಿಸುಗುಡ್ತೀರಿ?" ಗೋಡೆಯೊಳಗಿಂದ ಹೆಂಡತಿ ಸಿಡುಕಿದಳು. "ಅವಳಾಗ್ಲೇ ಬಾಗಿಲ ಹತ್ರ ಹೋದ್ಲು. ಬಾಯ್ಬಿಟ್ಟು ಕೂಗಿ!"

"ಮಗಳೇ, ಬಾರೇ ಮನೆಗೆ!"

ಗುಮ್ಮಟ ಆ ಕೂಗನ್ನು ಚೂರುಚೂರು ಮಾಡಿ ಎಲ್ಲ ಕಡೆಗೂ ಎರಚಿತು. ಒಂದಕ್ಷರವೂ ಯಾರಿಗೂ ತಿಳಿಯಲಿಲ್ಲ. ಬಾಗಿಲ ಬೆಳಕಿನಲ್ಲಿ ಮಗಳು ನಿಂತಳು.

"ಏನಂದ್ರಿ ಅಪ್ಪಾ? ಕೇಳಿಸ್ಲಿಲ್ಲ."

ಮಾವ ಜನರನ್ನು ಸರಿಸಿಕೊಂಡು ಅವಳತ್ತ ಓಡಿದ.