ಯಾರೂ ಹೆಸರಿಸದ ಪೆತ್ರಾ

ಶುಭ ಶುಕ್ರವಾರದ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಗೆಳತಿ ಯೋರುನ್ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಕರೆದೆ, ಏಳಲಿಲ್ಲ. ಕೈ ಮುಟ್ಟಿದೆ. ಬೆಟ್ಟದ ಮೇಲಿನ ನಮ್ಮ ಮರದ ಮನೆಯಲ್ಲಿ ಒಲೆ ಆರಿದರೆ ಎಲ್ಲರ ಕೈಯೂ ತಣ್ಣಗಾಗುತ್ತದೆ. ಆದರೆ ಇದು ಬೇರೆ ಬಗೆಯ ತಣುಪು ಎಂದು ತಿಳಿಯಿತು. ಬಟ್ಟಲನ್ನು ಕಿಟಕಿಯ ಬಳಿ ಇಟ್ಟು ಕರ್ತನ ಪ್ರಾರ್ಥನೆ ಹೇಳಿದೆ. ಆಮೇಲೆ ಉಳಿದಿಬ್ಬರು ಗೆಳತಿಯರಾದ ಗೀಡಾಳನ್ನೂ ಮಾಗ್ನಿಲ್‌ಳನ್ನೂ ಎಬ್ಬಿಸಿದೆ. ಮಧ್ಯಾಹ್ನ ಹಿಮದ ಮೇಲೆ ಓಡುವ ಬಂಡಿ ಬಂದು ಅವಳನ್ನು ಕೆಳಗೆ ಕೊಂಡೊಯ್ದಿತು.

ಈಸ್ಟರ್ ವಾರದಲ್ಲಿ ನಮ್ಮ ನಾರ್ವೆಯ ಜನ ಬೆಟ್ಟ ಹತ್ತಿ, ಬಿಸಿಲಿಗೆ ಕೂತು, ಕಿತ್ತಳೆ ಸುಲಿಯುತ್ತ ಕೊಲೆಯ ಕಥೆ ಓದುತ್ತಾರೆ. ಕರ್ತನು ಶಿಲುಬೆಗೇರಿದ ವಾರದಲ್ಲಿ ಇದು ಸರಿಯೇ ಎಂದು ನಾನು ಯೋರುನ್‌ಳನ್ನು ಕೇಳಿದ್ದುಂಟು. "ಅವತ್ತು ನಡೆದದ್ದೂ ಕೊಲೆನೇ ಅಲ್ವೇನೇ?" ಎಂದಿದ್ದಳು. ಶುಕ್ರವಾರ ಒಂದು ದಿನ ಓದುವುದು ಬೇಡ ಎಂದು ಮಾತ್ರ ಕೇಳಿಕೊಂಡೆ. ಅದನ್ನು ಅವಳು ಕೊನೆಯವರೆಗೂ ನಡೆಸಿಕೊಟ್ಟಳು.

ಆ ಕಥೆಗಳನ್ನು ಬರೆಯುವವರಲ್ಲಿ ಅವಳೂ ಒಬ್ಬಳು. ಮುಂದಿನ ಈಸ್ಟರಿಗೆ ಅಚ್ಚಾಗುವ ಪುಸ್ತಕವನ್ನು ಪ್ರತಿ ವರ್ಷ ಈ ಈಸ್ಟರಿನಲ್ಲೇ ನಮ್ಮ ಮೂವರಿಗೆ ಓದಿ ಹೇಳುತ್ತಿದ್ದಳು. ಗುರುವಾರ ಸಂಜೆ ಕೊನೆಯ ಅಧ್ಯಾಯಕ್ಕೆ ಮೊದಲು ನಿಲ್ಲಿಸುತ್ತಿದ್ದಳು. ಶನಿವಾರ ಬಿಸಿಲಿನ ಗೋಡೆಗೆ ಒರಗಿ ನಾವು ಒಬ್ಬೊಬ್ಬರೂ ಕೊಲೆಗಾರರ ಹೆಸರು ಹೇಳಬೇಕಿತ್ತು. ಕೊನೆಯ ಅಧ್ಯಾಯ ಮೊದಲೇ ಬರೆದಿದೆ ಎಂದೇ ಗೀಡಾ, ಮಾಗ್ನಿಲ್ ನಂಬಿದ್ದರು. ಗುಟ್ಟು ನನಗೊಬ್ಬಳಿಗೆ ಗೊತ್ತಿತ್ತು. ನಮ್ಮಲ್ಲಿ ಯಾರೂ ಹೆಸರಿಸದೆ ಬಿಟ್ಟವರನ್ನೇ ಅವಳು ಊರಿಗೆ ಹೋಗಿ ಕೊಲೆಗಾರರನ್ನಾಗಿ ಮಾಡುತ್ತಿದ್ದಳು. "ಅದಕ್ಕೇ ಹೇಳ್ತೀನಿ, ಗುಟ್ಟು ಗೊತ್ತು ಅಂತ ನನ್ನ ಮುಂದೆ ಸುಳ್ಳು ಊಹೆ ಮಾಡ್ಬೇಡ ಕಣೇ ಹೆರ್‌ಬೋರ್ಗ್" ಎಂದು ನನಗೆ ಕಟ್ಟಪ್ಪಣೆ ಮಾಡಿದ್ದಳು.

ಈ ಸಲ ಆ ಶನಿವಾರ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಪ್ರಕಾಶನದ ಹೆಂಗಸು ಫೋನ್ ಮಾಡಿದಳು. "ಕೊನೇ ಅಧ್ಯಾಯ ಎಲ್ಲೂ ಸಿಗ್ತಿಲ್ಲ. ನಿಮಗೇನಾದ್ರೂ ಹೇಳಿದ್ರಾ? ಇಲ್ಲಾಂದ್ರೆ ನಮ್ಮ ಇನ್ನೊಬ್ಬ ಲೇಖಕರ ಕೈಲಿ ಬರೆಸ್ತೀವಿ. ಅವರು ಬೇಗ ಬರೀತಾರೆ."

"ಬೇಡ, ನಾವು ಕೊಡ್ತೀವಿ" ಎಂದುಬಿಟ್ಟೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಮೇಜನ್ನೇ ಒರೆಸಿದೆ. ಬೈಬಲ್ ತೆರೆದರೆ ಕಣ್ಣು ಸಾಲಿನ ಮೇಲೆ ನಿಲ್ಲಲಿಲ್ಲ. ಯೋರುನ್ ಅರಿಯದ ಕೈಯೊಂದು ಅವಳ ಪುಸ್ತಕ ಮುಗಿಸುವುದು ನನಗೆ ಬೇಡವಾಗಿತ್ತು.

ಮರುದಿನ ಗೀಡಾ, ಮಾಗ್ನಿಲ್ ಇಬ್ಬರನ್ನೂ ನನ್ನ ಅಡುಗೆಮನೆಯಲ್ಲಿ ಕೂರಿಸಿ, ದೋಸೆಯ ಹಾಗಿರುವ ನಮ್ಮ ವಾಫೆಲ್ ಹುಯ್ದು, ಕಂದು ಚೀಸ್ ಇಟ್ಟು ಹೇಳಿದೆ: "ಶನಿವಾರದ ಕೆಲಸ ಬಾಕಿ ಇದೆ. ಹೆಸರು ಹೇಳಿ."

ಕಥೆಯಲ್ಲಿ ಹಿಮಗಾಳಿಗೆ ಸಿಕ್ಕಿಕೊಂಡ ಬೆಟ್ಟದ ಛತ್ರ. ಅದರ ಮಾಲೀಕ ಕಾಫಿಯಲ್ಲಿ ಬೆರೆಸಿದ ವಿಷದಿಂದ ಸತ್ತಿದ್ದಾನೆ. ಒಳಗಿದ್ದವರು ಪಾದ್ರಿ, ಹಿಮದ ಮೇಲೆ ಜಾರುವ ಸ್ಕೀಗಳನ್ನು ಬಾಡಿಗೆಗೆ ಕೊಡುವವನು, ಡಾಕ್ಟರ್, ಮತ್ತೆ ಅಡುಗೆಯ ಪೆತ್ರಾ. ಈ ಪೆತ್ರಾ ಕುಂಟುತ್ತಾಳೆ, ಕಾಫಿಯಲ್ಲಿ ಚೀಸ್ ಅದ್ದಿ ತಿನ್ನುತ್ತಾಳೆ, ಯಾರೂ ಕೇಳದಿದ್ದರೂ ಎದ್ದು ಬಟ್ಟಲು ತುಂಬುತ್ತಾಳೆ. ಓದುವಾಗಲೇ ನಾವು ನಕ್ಕಿದ್ದೆವು. ಅದು ಯೋರುನ್‌ಳೇ.

"ಪಾದ್ರಿ" ಎಂದಳು ಗೀಡಾ.

"ಪ್ರತಿ ವರ್ಷಾನೂ ಪಾದ್ರಿ ಅಂತೀಯ" ಎಂದಳು ಮಾಗ್ನಿಲ್. "ಕಥೇಲಿ ಪಾದ್ರಿ ಇಲ್ದಿದ್ರೆ ಪಾದ್ರಿ ನಾಯಿ ಅಂತೀಯ."

"ನೀನು ಬಾಯ್ಬಿಡು ನೋಡೋಣ."

"ಸ್ಕೀಯವನು. ಕಣ್ಣು ಸರಿ ಇಲ್ಲ ಅವನದು."

"ನಿನ್ನ ಗಂಡನ ಕಣ್ಣು ಎಲ್ಲಿ ಸರಿ ಇತ್ತು? ಅವನೇನು ಯಾರನ್ನಾದ್ರೂ ಕೊಂದ್ನಾ?"

"ನನ್ನ ತಲೆ ತಿಂದ, ಅಷ್ಟೇ. ಹೆರ್‌ಬೋರ್ಗ್, ನಿಂದೇನೇ?"

ನನ್ನ ಕೈಯಲ್ಲಿ ಹಿಟ್ಟಿನ ಸೌಟು ಹಾಗೇ ನಿಂತಿತು. ಗುರುವಾರ ರಾತ್ರಿಯೇ ನನ್ನ ಮನಸ್ಸು ಡಾಕ್ಟರನ ಮೇಲಿತ್ತು. ಅವನ ಹೆಸರು ಹೇಳಿದರೆ ಯಾರೂ ಹೆಸರಿಸದೆ ಉಳಿಯುವವಳು ಪೆತ್ರಾ, ಕೊಲೆಗಾರ್ತಿ ಅವಳೇ. ಪೆತ್ರಾ ಎಂದರೆ ಡಾಕ್ಟರ್ ಕೊಲೆಗಾರನಾಗುತ್ತಾನೆ, ಅವಳು ಪಾರಾಗುತ್ತಾಳೆ. ಯೋರುನ್‌ಳ ಗೋರಿಯ ಮಣ್ಣು ಇನ್ನೂ ಆರಿಲ್ಲ. ಅವಳ ನಡಿಗೆ, ಅವಳ ಬಟ್ಟಲು ಇರುವವಳಿಗೆ ಕೊಲೆಯ ಕಳಂಕ ಹಚ್ಚಬೇಕೇ? ಒಂದು ಸಣ್ಣ ಸುಳ್ಳು ಸಾಕಿತ್ತು. ಆದರೆ ಯೋರುನ್ ಬೇಡ ಎಂದಿದ್ದು ಅದೊಂದನ್ನೇ.

"ವಾಫೆಲ್ ಸೀಯ್ತಾ ಇದೆ ಕಣೇ" ಎಂದಳು ಗೀಡಾ.

"ಡಾಕ್ಟರ್" ಎಂದೆ.

ಆಮೇಲೆ ಗುಟ್ಟು ಹೇಳಿದೆ.

"ಅಂದ್ರೆ ಇಷ್ಟು ವರ್ಷ ನಾನು ಆ ಪಾದ್ರಿಗಳನ್ನೆಲ್ಲ ಕಾಪಾಡ್ತಾ ಬಂದೆ ಅನ್ನು" ಎಂದು ಗೀಡಾ ನಕ್ಕಳು. ನಗು ನಡುವೆಯೇ ನಿಂತಿತು. "ತನ್ನನ್ನೇ ಒಳಗೆ ಕೂರಿಸಿದ್ಲು. ನಾವು ಅವಳ ಕಡೆ ನೋಡಲೇ ಇಲ್ಲ."

"ಬೆಟ್ಟದಲ್ಲೂ ನೋಡಲಿಲ್ಲ" ಎಂದಳು ಮಾಗ್ನಿಲ್. "ಕಾಫಿ ಹುಯ್ಯೋವಾಗ ಗೋಡೆ ಹಿಡ್ಕೋತಿದ್ಲು. ಕುಂಟುಕಾಲಿಗೆ ಅಂದ್ಕೊಂಡೆ."

ನಾನೂ ಹಾಗೇ ಅಂದುಕೊಂಡಿದ್ದೆ. ಅವಳು ಓದಿದ ಪುಟಗಳಲ್ಲಿ ಸುಳಿವು ಹುಡುಕುತ್ತ ಕೂತ ಮೂವರು ಹೆಂಗಸರಿಗೆ ಓದುವವಳ ಉಸಿರು ಕೇಳಿಸಿರಲಿಲ್ಲ.

ಕೊನೆಯ ಅಧ್ಯಾಯವನ್ನು ನಾನು ಬರೆದೆ. ಅವರಿಬ್ಬರೂ ಕೇಳಿ ತಿದ್ದಿದರು. ಹೊಸದೇನೂ ಹುಟ್ಟಿಸಬೇಕಾಗಲಿಲ್ಲ. ಮೂರನೆಯ ಅಧ್ಯಾಯದಲ್ಲೇ ಪೆತ್ರಾಳ ತಂಗಿಗೆ ಮಾಲೀಕ ಮಾಡಿದ ಅನ್ಯಾಯ ಇತ್ತು. ಎಲ್ಲರ ಬಟ್ಟಲಿಗೂ ಹುಯ್ದ ಕೈ ಅವಳದೇ ಎಂಬುದೂ ಕಣ್ಣೆದುರಿಗೇ ಇತ್ತು. ಬಡಿಸುವವಳನ್ನು ಯಾರೂ ಎಣಿಸಿರಲಿಲ್ಲ. ನನ್ನ ಕಡೆಯಿಂದ ಒಂದೇ ಒಂದು ಸೇರಿಸಿದೆ. ಗಾಳಿ ನಿಂತ ಬೆಳಿಗ್ಗೆ ಪೆತ್ರಾ ತಾನಾಗಿ ಪಾದ್ರಿಯ ಹತ್ತಿರ ಹೋಗಿ ತಪ್ಪೊಪ್ಪಿಕೊಳ್ಳುತ್ತಾಳೆ. ಆಮೇಲೆ ಬಿಸಿಲಿನ ಗೋಡೆಗೆ ಒರಗಿ, ಕಿತ್ತಳೆ ಸುಲಿಯುತ್ತ, ತನ್ನನ್ನು ಕರೆದೊಯ್ಯಲು ಬರುವವರನ್ನು ಕಾಯುತ್ತಾಳೆ.

"ಕೊನೆಗೂ ಪಾದ್ರಿ ಉಪಯೋಗಕ್ಕೆ ಬಂದ" ಎಂದಳು ಗೀಡಾ, ಕಣ್ಣೊರೆಸಿಕೊಳ್ಳುತ್ತ.

ಹಾಳೆಗಳನ್ನು ಅಂಚೆಗೆ ಹಾಕಿ ಹಾಗೇ ಗೋರಿಗೆ ಹೋದೆ. ಹಿಮ ಕರಗಿ ಮಣ್ಣು ಕಾಣುತ್ತಿತ್ತು. ಅವಳಿಗೆ ಕಳಂಕ ಹಚ್ಚಿದೆನೇ ಎಂದು ಮನಸ್ಸು ಇನ್ನೂ ಅಲ್ಲಾಡುತ್ತಿತ್ತು, ಕೈ ಮುಗಿದೆ.

ಕರ್ತನೇ, ಎಲ್ಲರ ಬಟ್ಟಲು ತುಂಬಿದವಳು ನಿನ್ನ ಬಳಿಗೆ ಬಂದಿದ್ದಾಳೆ. ಇನ್ನು ಬಡಿಸಲು ಅವಳನ್ನು ಏಳಿಸಬೇಡ; ಕೂರಿಸಿ ನೀನೇ ಬಡಿಸು. ನಾವು ನೋಡದೆ ಬಿಟ್ಟವಳನ್ನು ನೀನು ನೋಡು. ಯೋರುನ್‌ಳಿಗೆ ನಿನ್ನ ಶಾಂತಿಯನ್ನು ಕೊಡು. ಆಮೆನ್.