ಐದನೇ ಕಿಟಕಿ ಕಾಣುವ ಜಾಗ

ಆಸ್ಪತ್ರೆಗೂ ಬಸ್ ನಿಲ್ದಾಣಕ್ಕೂ ನಡುವೆ ಮೂರು ಎಕರೆ ಬಯಲು. ಅಲ್ಲಿ ಅಂಗಡಿ, ಕಟ್ಟಡ, ನೆರಳಿನ ದಾರಿ ಎಲ್ಲೆಲ್ಲಿ ಬರಬೇಕೆಂದು ಯೋಜನೆ ಮಾಡಿಕೊಡುವ ಕೆಲಸ ಮಾವನ ಕಚೇರಿಗೆ ಬಂದಿತ್ತು. ಊರೂರಿನ ನಕ್ಷೆ ಬರೆದೇ ತಲೆ ನರೆತವರು ಮಾವ. ಒಂದೇ ನೋಟಕ್ಕೆ ಯಾವ ಜಾಗವೂ ಬಾಯಿ ಬಿಡುವುದಿಲ್ಲ, ವಾರಪೂರ್ತಿ ಕೂತು ನೋಡು ಎಂದು ತಂಗಿಯ ಮಗಳನ್ನು ಕಳಿಸಿದರು.

ಅವಳು ಮಡಚುವ ಕುರ್ಚಿ ಹಾಕಿಕೊಂಡು ಕೂತಳು. ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಜನ ಎಲ್ಲಿ ನಡೆಯುತ್ತಾರೆ, ಎಲ್ಲವನ್ನೂ ಗುರುತು ಹಾಕಿಕೊಂಡಳು. ಒಂದು ಮಾತ್ರ ತಲೆಗೆ ಹತ್ತಲಿಲ್ಲ. ಬಯಲಿನ ನಟ್ಟನಡುವೆ, ನೆರಳಿಲ್ಲದ ಕಡೆ, ಆಸ್ಪತ್ರೆಯಿಂದ ಬಂದವರು ನಿಂತು ಹಿಂದಿರುಗಿ ನೋಡುತ್ತಿದ್ದರು. ಗುರುವಾರದ ಹೊತ್ತಿಗೆ ಹಾಳೆಯ ಮೇಲೆ ಅಲ್ಲಿ, ನಿಂತವರಿಗೊಂದರಂತೆ ಇಟ್ಟ ಕೆಂಪು ಚುಕ್ಕೆಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದ್ದವು.

ಶುಕ್ರವಾರ ಕೊರಳಲ್ಲಿ ಅಳತೆ ಪಟ್ಟಿ ಇಳಿಬಿಟ್ಟ ಒಬ್ಬ ಮುದಿ ದರ್ಜಿ ಅಲ್ಲೇ ನಿಂತು ಖಾಲಿ ಊಟದ ಡಬ್ಬಿ ಎತ್ತಿ ಆಡಿಸಿದ. ಅವಳು ಹತ್ತಿರ ಹೋಗಿ ಕೇಳಿದಳು.

"ಮೂರನೇ ಮಹಡಿ, ಎಡಗಡೆಯಿಂದ ಐದನೇ ಕಿಟಕಿ, ನಮ್ಮನೆಯವಳು. ಮುಂದೆ ಹೋದ್ರೆ ಮರ ಅಡ್ಡ, ಹಿಂದೆ ಬಂದ್ರೆ ಬಸ್ ನಿಲ್ದಾಣದ ಚಾವಣಿ ಅಡ್ಡ. ನಾನು ಇಲ್ಲೀತನಕ ಸರಿಯಾಗಿ ನಡ್ಕೊಂಡು ಬಂದ್ನಾ ಅಂತ ಅವಳು ನೋಡ್ಬೇಕಂತೆ. ಕಾಯಿಲೆ ಅವಳಿಗೆ, ಆದ್ರೂ ಅವಳಿಗೆ ಚಿಂತೆ ಮಾತ್ರ ನಂದು."

ಕಿಟಕಿಯಲ್ಲಿ ಬಿಳಿಯದೇನೋ ಅಲುಗಾಡಿತು. ತನಗರಿವಿಲ್ಲದೆ ಅವಳ ಕೈಯೂ ಮೇಲೆದ್ದಿತ್ತು.

ಮಾವನ ಕರಡಿನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡವಿತ್ತು. ಅದು ಅವರಿಗೆ ಅಚ್ಚುಮೆಚ್ಚು. ಅವಳು ಚುಕ್ಕೆಯ ಹಾಳೆಯನ್ನು ಕರಡಿನ ಪಕ್ಕಕ್ಕಿಟ್ಟು ವಿಷಯ ಹೇಳಿದಳು. ಕೈ ಬೀಸುವುದಕ್ಕೆಂದು ಯಾರಾದರೂ ಬಯಲು ಬಿಡುತ್ತಾರೆಯೇ ಎಂದು ಮಾವ ಗೊಣಗಿದರು. ಆದರೂ ಮರುದಿನ ತಾವೇ ಬಂದು ಅರ್ಧ ಗಂಟೆ ನಿಂತರು. ಅಷ್ಟರಲ್ಲಿ ಹನ್ನೊಂದು ಮಂದಿ ಕೈ ಬೀಸಿದರು. ಒಬ್ಬಳು ಕೂಸನ್ನು ಎತ್ತಿ ಹಿಡಿದು ಯಾರಿಗೋ ತೋರಿಸಿದಳು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

"ಟೇಪು ಹಿಡ್ಕೊಳಮ್ಮ," ಎಂದರು. "ಎಲ್ಲಾ ಕಿಟಕಿಗೂ ಕಾಣ್ಬೇಕು. ಒಂದನ್ನೂ ಬಿಡೋದು ಬೇಡ."

ಕಚೇರಿಯಲ್ಲಿ ಅವರೇ ರಬ್ಬರು ಹಿಡಿದರು. ಕಟ್ಟಡ ನಲವತ್ತು ಅಡಿ ಪಕ್ಕಕ್ಕೆ ಸರಿದು ಎರಡು ಮಹಡಿ ತಗ್ಗಿತು. ನಡುವೆ ಆಸ್ಪತ್ರೆಗೆ ಮುಖ ಮಾಡಿದ ಕಲ್ಲುಬೆಂಚುಗಳು ಬಂದವು. ಮರಗಳು ಬೆಂಚಿನ ಬೆನ್ನ ಹಿಂದೆ. ಯೋಜನೆ ಮಂಡಿಸಿದ ಸಭೆಯಲ್ಲಿ ನೂರೆಂಟು ಪ್ರಶ್ನೆ ಎದ್ದವು. ಅವಳು ಕೆಂಪು ಚುಕ್ಕೆಯ ಹಾಳೆ ಬಿಡಿಸಿಟ್ಟು ದರ್ಜಿಯ ಮಾತನ್ನು ಇದ್ದದ್ದಿದ್ದಂತೆ ಹೇಳಿದಳು. ಯೋಜನೆ ಒಪ್ಪಿಗೆಯಾಯಿತು.

ಕಲ್ಲು ಹಾಸುವ ಕಾಲಕ್ಕೆ ದರ್ಜಿಯ ಹೆಂಡತಿ ಗುಣವಾಗಿ ಮನೆ ಸೇರಿದ್ದಳು. ಒಂದು ಮಧ್ಯಾಹ್ನ ತಪಾಸಣೆಗೆಂದು ಗಂಡನ ಜೊತೆ ಬಂದವಳು ವಾಪಸ್ಸು ಹೋಗುವಾಗ ಬೆಂಚಿನ ಮೇಲೆ ಕೂತು ಮೂರನೇ ಮಹಡಿಯತ್ತ ನೋಡಿದಳು.

"ಇಷ್ಟು ಸಣ್ಣಕ್ಕೆ ಕಾಣ್ತಿದ್ನಾ ನಾನು?"

"ನಂಗೆ ಕಾಣ್ತಿದ್ದೆ ಬಿಡು," ಎಂದ ದರ್ಜಿ.

ಬಸ್ಸು ಬಂದಿತೆಂದು ಅವಸರಿಸಿ ಎದ್ದವನು, ಆಕೆ ನಿಧಾನವಾಗಿ ಏಳುವುದನ್ನು ಕಂಡು ತಾನೂ ಹೆಜ್ಜೆ ಸಣ್ಣದು ಮಾಡಿಕೊಂಡ.